ಪಶುವೈದ್ಯರಾಗಲು ಹೊರಟವರ ಪ್ರಶ್ನೆಗಳು

ಪ್ರಶ್ನೆ: ಪ್ರಾಣಿಗಳೆಂದರೆ ನನಗೆ ಪ್ರಾಣ. ಶಾಲೆಯ ಕೊನೆಯ ವರ್ಷದಲ್ಲಿದ್ದೇನೆ, ಪಶುವೈದ್ಯಳಾಗುವ ಆಸೆ. ಈಗಿನಿಂದಲೇ ಏನು ರೂಢಿಸಿಕೊಳ್ಳಲಿ?

ಪ್ರೀತಿ ಬೇಕೇ ಬೇಕು, ಅದೊಂದೇ ಸಾಲದು. ಎಲ್ಲಿ ನೋವೆಂದು ಈ ರೋಗಿ ಹೇಳುವುದಿಲ್ಲ. ಎಷ್ಟೋ ಪ್ರಾಣಿಗಳು ನೋವನ್ನು ಮುಚ್ಚಿಡುತ್ತವೆ ಕೂಡ. ಹಾಗಾಗಿ ಆರೋಗ್ಯವಾಗಿರುವ ಪ್ರಾಣಿ ಹೇಗಿರುತ್ತದೆ ಎಂಬುದು ಮೊದಲು ನಿಮ್ಮ ಕಣ್ಣಿಗೂ ಕೈಗೂ ಪರಿಚಯವಾಗಬೇಕು. ಅನುಭವಿ ವೈದ್ಯರೊಬ್ಬರ ಅನುಮತಿ ಪಡೆದು ಅವರ ಜೊತೆ ಓಡಾಡಿ. ಹಸುವಿನ ಎಡಪಕ್ಕೆಯ ಹಳ್ಳದಲ್ಲಿ ಮುಷ್ಟಿ ಒತ್ತಿ ನಿಲ್ಲಿ. ನಿಮಿಷಕ್ಕೆ ಒಂದೆರಡು ಸಲ ಒಳಗಿನಿಂದ ಅಲೆಯೊಂದು ಬಂದು ಮುಷ್ಟಿಯನ್ನು ಎತ್ತುತ್ತದೆ. ಅದು ಮೊದಲ ಹೊಟ್ಟೆಯ ಚಲನೆ. ಅಲೆ ಬಾರದಿದ್ದರೆ ಜೀರ್ಣಕ್ರಿಯೆ ನಿಂತಿದೆ ಎಂದರ್ಥ.

ಥರ್ಮಾಮೀಟರ್ ಹಿಡಿಯುವುದನ್ನೂ ಸರಿಯಾಗಿ ಕಲಿಯಿರಿ. ಅದರ ತುದಿ ಗುದದ ಒಳಗೋಡೆಗೆ ತಾಗಿರಬೇಕು. ಸಗಣಿಯೊಳಗೆ ಸಿಕ್ಕಿಕೊಂಡರೆ ಕಡಿಮೆ ತೋರಿಸುತ್ತದೆ, ಜ್ವರ ತಪ್ಪಿಹೋಗುತ್ತದೆ. ದನಕ್ಕೆ 38.5 ಡಿಗ್ರಿ ಸೆಲ್ಸಿಯಸ್ ಸಹಜ. ಮನುಷ್ಯನ ಲೆಕ್ಕ ಹಿಡಿದರೆ ಪ್ರತಿ ಹಸುವಿಗೂ ಜ್ವರ ಕಾಣುತ್ತದೆ!

ಜೀವಶಾಸ್ತ್ರ, ರಸಾಯನಶಾಸ್ತ್ರದ ಜೊತೆಗೆ ಲೆಕ್ಕವನ್ನು ಕಡೆಗಣಿಸಬೇಡಿ. 20 ಕಿಲೋ ತೂಕದ ನಾಯಿಗೆ ಕಿಲೋಗೆ 5 ಮಿಲಿಗ್ರಾಂನಂತೆ 100 ಮಿಲಿಗ್ರಾಂ ಔಷಧ ಬೇಕು. ಸೀಸೆಯಲ್ಲಿ ಮಿಲಿಲೀಟರಿಗೆ 50 ಮಿಲಿಗ್ರಾಂ ಇದ್ದರೆ 2 ಮಿಲಿಲೀಟರ್. ದಶಮಾಂಶ ಬಿಂದು ಒಂದು ಮನೆ ಜರುಗಿದರೆ ಹತ್ತು ಪಟ್ಟು ಔಷಧ ಒಳಗೆ ಹೋಗುತ್ತದೆ.

ಪ್ರಶ್ನೆ: ಓದು ಎಷ್ಟು ವರ್ಷ? ಯಾವುದು ಕಷ್ಟ?

ಹಲವು ದೇಶಗಳಲ್ಲಿ ಶಾಲೆ ಮುಗಿಸಿ ನೇರವಾಗಿ ಸೇರಿದರೆ 5ರಿಂದ 6 ವರ್ಷ. ಅಮೆರಿಕದಲ್ಲಿ ಕಾಲೇಜು ಓದಿನ ನಂತರ 4 ವರ್ಷದ ಕೋರ್ಸ್. ಕಷ್ಟವೆಂದರೆ ಒಂದಲ್ಲ, ಹಲವು ದೇಹಗಳನ್ನು ಕಲಿಯಬೇಕು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಮನುಷ್ಯ ನುಂಗುವ ಪ್ಯಾರಸಿಟಮಾಲ್ ಬೆಕ್ಕನ್ನು ಕೊಲ್ಲಬಹುದು, ಅದರ ಯಕೃತ್ತಿಗೆ ಆ ಔಷಧವನ್ನು ಕರಗಿಸಿ ಹೊರಹಾಕುವ ಶಕ್ತಿ ತೀರಾ ಕಡಿಮೆ. ಹಕ್ಕಿಗೆ ನಮ್ಮಂತೆ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಎದೆಗೂಡು ಹಿಗ್ಗಿ ಕುಗ್ಗಿದರೆ ಮಾತ್ರ ಉಸಿರು. ಹೆದರಿದ ಗಿಳಿಯ ಎದೆಯನ್ನು ಬಿಗಿಯಾಗಿ ಹಿಡಿದರೆ ಅದು ಕೈಯಲ್ಲೇ ಉಸಿರುಗಟ್ಟಿ ಸಾಯುತ್ತದೆ.

ಪ್ರಶ್ನೆ: ದೊಡ್ಡ ಪ್ರಾಣಿಗಳ ಕೆಲಸಕ್ಕೆ ತೋಳ್ಬಲ ಬೇಕು, ಹುಡುಗಿಯರಿಗೆ ಆಗದು ಎನ್ನುತ್ತಾರೆ ಮನೆಯವರು. ನಿಜವೇ?

ಇಲ್ಲ. ಹಸುವಿನ ಹೆರಿಗೆಯಲ್ಲಿ ಅಡ್ಡಬಿದ್ದ ಕರುವನ್ನು ಬರೀ ಬಲದಿಂದ ಎಳೆದವರೇ ಹೆಚ್ಚು ಹಾನಿ ಮಾಡಿದ್ದಾರೆ.

ಒಳಗೆ ಕೈಗೆ ಸಿಕ್ಕಿದ್ದು ಕರುವಿನ ಮುಂಗಾಲೋ ಹಿಂಗಾಲೋ ಎಂದು ಮೊದಲು ಗುರುತಿಸಬೇಕು. ಗೊರಸಿನಿಂದ ಮೇಲಕ್ಕೆ ಮೊದಲ ಎರಡು ಕೀಲುಗಳು ಒಂದೇ ಕಡೆ ಮಡಚಿದರೆ ಮುಂಗಾಲು, ಎದುರುಬದುರಾಗಿ ಮಡಚಿದರೆ ಹಿಂಗಾಲು. ಎರಡೂ ಕಾಲು ಒಂದೇ ಕರುವಿನದೇ ಎಂದು ಬೆರಳಾಡಿಸಿ ಖಚಿತಪಡಿಸಿಕೊಳ್ಳಿ, ಅವಳಿ ಇರಬಹುದು. ತಲೆಯೋ ಕಾಲೋ ಹಿಂದಕ್ಕೆ ಮಡಚಿದ್ದರೆ ಎಳೆಯುವ ಮಾತೇ ಇಲ್ಲ. ಹಸು ತಿಣುಕುವುದನ್ನು ನಿಲ್ಲಿಸಿದಾಗ ಕರುವನ್ನು ಒಳಕ್ಕೆ ತಳ್ಳಿ ಜಾಗ ಮಾಡಿಕೊಳ್ಳಬೇಕು. ಕಾಲನ್ನು ಮುಂದಕ್ಕೆ ತರುವಾಗ ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಬೇಕು, ಇಲ್ಲವಾದರೆ ಅದು ಗರ್ಭಕೋಶವನ್ನು ಸೀಳುತ್ತದೆ. ಸಪೂರ ತೋಳು ಇಲ್ಲಿ ಅನುಕೂಲವೇ ಹೊರತು ಕೊರತೆಯಲ್ಲ.

ಜಾರುವ ದ್ರವವನ್ನು ಧಾರಾಳವಾಗಿ ಬಳಸಿ. ಸರಪಳಿಯ ಒಂದು ಕುಣಿಕೆ ಗೊರಸಿನ ಮೇಲಿನ ಗಿಣ್ಣಿಗಿಂತ ಮೇಲೆ, ಇನ್ನೊಂದು ಸುತ್ತು ಅದರ ಕೆಳಗೆ ಬರಲಿ. ಒಂದೇ ಕುಣಿಕೆಯಾದರೆ ಬಲವೆಲ್ಲ ಒಂದೆಡೆ ಬಿದ್ದು ಮೂಳೆ ಮುರಿಯಬಹುದು. ಹಸು ತಿಣುಕಿದಾಗ ಮಾತ್ರ ಎಳೆಯಿರಿ, ಒಮ್ಮೆ ಒಂದು ಕಾಲು, ಆಮೇಲೆ ಇನ್ನೊಂದು. ಭುಜಗಳು ಓರೆಯಾಗಿ ಬಂದರೆ ಸುಲಭವಾಗಿ ಪಾರಾಗುತ್ತವೆ. ಇಬ್ಬರು ಎಳೆದರೂ ಬಾರದಿದ್ದರೆ ಮೂರನೆಯವರನ್ನು ಕರೆಯಬೇಡಿ, ಸಿಸೇರಿಯನ್‌ಗೆ ಸಿದ್ಧರಾಗಿ.

ಪ್ರಶ್ನೆ: ಚಿಕಿತ್ಸೆ ಬಿಟ್ಟು ಬೇರೆ ದಾರಿಗಳಿವೆಯೇ?

ಬೇಕಾದಷ್ಟಿವೆ: ಮಾಂಸ ತಪಾಸಣೆ, ಲಸಿಕೆ ತಯಾರಿಕೆ, ರೋಗಪತ್ತೆ ಪ್ರಯೋಗಾಲಯ, ವನ್ಯಜೀವಿ, ಸಂಶೋಧನೆ. 1761ರಲ್ಲಿ ಕ್ಲಾಡ್ ಬೂರ್ಜೆಲಾ ಫ್ರಾನ್ಸಿನ ಲಿಯೋನ್‌ನಲ್ಲಿ ಮೊದಲ ಪಶುವೈದ್ಯ ಶಾಲೆ ಸ್ಥಾಪಿಸಿದಾಗ ದನಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ರಿಂಡರ್‌ಪೆಸ್ಟ್ ಆಗಿನ ದೊಡ್ಡ ಭಯವಾಗಿತ್ತು. ಅದು ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಣೆಯಾದದ್ದು 2011ರಲ್ಲಿ. ಅದನ್ನು ಸಾಧಿಸಿದ್ದು ಲಸಿಕೆ, ರೋಗ ಎಲ್ಲಿದೆಯೆಂಬ ಹುಡುಕಾಟ ಮತ್ತು ಬೇಸರಿಸದ ದಾಖಲಾತಿ.

ಪ್ರಶ್ನೆ: ಪ್ರಾಣಿಗಳ ರೋಗ ನನಗೇ ಅಂಟೀತೇ?

ಅಂಟಬಹುದು. ಪ್ರಾಣಿಗಳನ್ನು ಮುಟ್ಟುವ ಮೊದಲೇ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸಲಹೆಯಂತೆ ಮೊದಲ ದಿನ ಒಂದು, ಏಳು ದಿನ ಕಳೆದು ಇನ್ನೊಂದು. ಆಮೇಲೆ ನಾಯಿ ಕಚ್ಚಿದರೂ ಗಾಯವನ್ನು ಸೋಪುನೀರಿನಲ್ಲಿ 15 ನಿಮಿಷ ತೊಳೆದು ಮತ್ತೆ ಲಸಿಕೆ ಪಡೆಯಲೇಬೇಕು. ಕಂದು ಹಾಕಿದ (ಗರ್ಭಪಾತವಾದ) ಹಸುವಿನ ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬ್ರುಸೆಲ್ಲೋಸಿಸ್ ಎಂಬ ಸೋಂಕುರೋಗ ಬರುವುದು ಹಾಗೆಯೇ. ಇನ್ನು, ದನ ಇದ್ದಕ್ಕಿದ್ದಂತೆ ಸತ್ತು ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಆಂಥ್ರಾಕ್ಸ್ ಎಂಬ ಮಾರಕ ಬ್ಯಾಕ್ಟೀರಿಯಾ ರೋಗವೆಂದೇ ಎಣಿಸಿ. ಯಾರು ಎಷ್ಟೇ ಒತ್ತಾಯಿಸಿದರೂ ಹೊಟ್ಟೆ ಕೊಯ್ಯಬೇಡಿ. ಗಾಳಿ ತಾಗಿದ ಕೂಡಲೇ ಆ ಬ್ಯಾಕ್ಟೀರಿಯಾ ಬೀಜಕಣವಾಗತೊಡಗುತ್ತದೆ, ಮಣ್ಣಿಗಿಳಿದರೆ ದಶಕಗಟ್ಟಲೆ ಬದುಕಿರುತ್ತದೆ. ಕೈಗವಸು ತೊಟ್ಟು, ಕಿವಿಯ ರಕ್ತನಾಳದಿಂದ ಒಂದು ಹನಿ ಗಾಜಿನ ಮೇಲೆ ಸವರಿ ಪರೀಕ್ಷೆಗೆ ಕಳಿಸಿ; ಆ ಫಲಿತಾಂಶ ಬರುವ ತನಕ ಬೇರೆ ದನಗಳನ್ನು ಅತ್ತ ಬಿಡಬೇಡಿ.