ಕೆಲಸದ ಒತ್ತಡದಿಂದ ಉದ್ಯೋಗಿಗಳ ಹೊಸ ಯೋಚನೆ ಕಡಿಮೆಯಾಗುತ್ತದೆಯೇ?

ಆಗುತ್ತದೆ, ಆದರೆ ಎಲ್ಲ ಒತ್ತಡವೂ ಒಂದೇ ಅಲ್ಲ. ಸವಾಲಿನ ಕೆಲಸ, ಹೊಸ ಜವಾಬ್ದಾರಿ ತರುವ ಒತ್ತಡ ಕೆಲವೊಮ್ಮೆ ತಲೆಯನ್ನು ಚುರುಕು ಮಾಡುತ್ತದೆ. ಆಫೀಸ್ ರಾಜಕೀಯ, ಕೆಲಸ ಹೋಗುವ ಭಯ ಮಾತ್ರ ಸುಮ್ನೆ ಶಕ್ತಿ ಹೀರುತ್ತವೆ.

ಹೆಚ್ಚಿನವರು ಎಡವುವುದು ಡೆಡ್‌ಲೈನ್ ವಿಷಯದಲ್ಲಿ. ಹಾರ್ವರ್ಡ್‌ನ ಸಂಶೋಧಕಿ ತೆರೇಸಾ ಅಮಾಬಿಲೆ ಅವರ ತಂಡ ಅಮೆರಿಕದ 7 ಕಂಪನಿಗಳ 177 ಉದ್ಯೋಗಿಗಳು ದಿನದಿನ ಬರೆದ 9,000ಕ್ಕೂ ಹೆಚ್ಚು ಟಿಪ್ಪಣಿಗಳನ್ನು ಓದಿ, 2002ರಲ್ಲಿ ಫಲಿತಾಂಶ ಪ್ರಕಟಿಸಿತು. ಗಡಿಬಿಡಿ ಜಾಸ್ತಿ ಇದ್ದಾಗ ಜನರಿಗೆ ತಮ್ಮ ತಲೆ ಚೆನ್ನಾಗಿ ಓಡಿತು ಅನಿಸಿತ್ತು. ನಿಜಕ್ಕೂ ಆ ದಿನಗಳಲ್ಲಿ ಹೊಸ ಯೋಚನೆ ಬಂದದ್ದು ಕಡಿಮೆ. ಅದರ ಪೆಟ್ಟು ಮುಂದಿನ ಎರಡು ದಿನವೂ ಉಳಿದಿತ್ತು! ಗುರಿ ಮುಖ್ಯ ಎಂಬ ನಂಬಿಕೆ ಇದ್ದು, ಯಾರೂ ಅಡ್ಡಿಪಡಿಸದಿದ್ದರೆ ಮಾತ್ರ ಕಥೆ ಬೇರೆ.

ಕಾರಣ ಸರಳ. ಒತ್ತಡದಲ್ಲಿ ಮೆದುಳು ಗೊತ್ತಿರುವ ದಾರಿಯನ್ನೇ ಹಿಡಿಯುತ್ತದೆ. ಹೊಸದಕ್ಕೆ ಅಲೆದಾಡುವ ಸಮಯ ಬೇಕು, ಅಲ್ವಾ? ಜೊತೆಗೆ ತಪ್ಪಾದರೆ ಬೈಗುಳ ಎಂಬ ಭಯವಿದ್ದರೆ, ಒಳ್ಳೆಯ ಐಡಿಯಾ ಹುಟ್ಟಿದರೂ ಬಾಯಿಗೆ ಬರುವುದಿಲ್ಲ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡ ನಷ್ಟ. ಹೇಳದೆ ಉಳಿದ ಯೋಚನೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.