ಬಂಕಿನ ಬೆಲೆ, ಬೂತಿನ ಲೆಕ್ಕ

ಮಾನ್ಯರೆ,

ಪೆಟ್ರೋಲ್, ಡೀಸೆಲ್ ಬೆಲೆಯನ್ನು ಮಾರುಕಟ್ಟೆಯೇ ತೀರ್ಮಾನಿಸುವುದಾದರೆ ಚುನಾವಣೆ ಹತ್ತಿರವಾದಾಗ ಅದು ಅಲುಗಾಡದೆ ನಿಲ್ಲುವುದೇಕೆ, ಇಂಧನವನ್ನು ಜಿಎಸ್‌ಟಿಗೆ ಸೇರಿಸಿದರೆ ಈ ಆಟ ನಿಲ್ಲುವುದಿಲ್ಲವೇ ಎಂದು ಕೇಳಿದ್ದೀರಿ. ಮೊದಲ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ.

ಪೆಟ್ರೋಲ್ ಬೆಲೆ 2010ರಲ್ಲಿ, ಡೀಸೆಲ್ ಬೆಲೆ 2014ರಲ್ಲಿ ಸರ್ಕಾರದ ನಿಯಂತ್ರಣದಿಂದ ಹೊರಬಂದವು. 2017ರ ಜೂನ್‌ನಿಂದ ದೇಶದಾದ್ಯಂತ ದಿನವೂ ದರ ಪರಿಷ್ಕರಣೆ ಆರಂಭವಾಯಿತು. ಹಾಗಿದ್ದೂ 2018ರಲ್ಲಿ ನಮ್ಮ ವಿಧಾನಸಭಾ ಚುನಾವಣೆಗೆ ಮುನ್ನ, ಕಚ್ಚಾ ತೈಲ ದುಬಾರಿಯಾಗುತ್ತಿದ್ದ ಹೊತ್ತಿನಲ್ಲೇ, ತೈಲ ಕಂಪನಿಗಳು 19 ದಿನ ದರವನ್ನು ಮುಟ್ಟಲಿಲ್ಲ. ಮೇ 12ರ ಶನಿವಾರ ಮತದಾನ ಮುಗಿಯಿತು. ಸೋಮವಾರ ದರ ಏರಿತು, ಮಂಗಳವಾರದ ಮತ ಎಣಿಕೆಗೂ ಕಾಯಲಿಲ್ಲ. ಗ್ರಾಹಕರು ಗಾಬರಿಯಾಗದಿರಲೆಂದು ತಾವೇ ಕೈಗೊಂಡ ನಿರ್ಧಾರವಿದು ಎಂಬುದು ಇಂಡಿಯನ್ ಆಯಿಲ್ ಕಂಪನಿಯ ಸಮಜಾಯಿಷಿ. ಬಹುಪಾಲು ಬಂಕ್‌ಗಳು ಸರ್ಕಾರಿ ಸ್ವಾಮ್ಯದ ಮೂರು ಕಂಪನಿಗಳ ಕೈಯಲ್ಲಿರುವಾಗ ಲಿಖಿತ ಆದೇಶದ ಅಗತ್ಯವಾದರೂ ಏನಿದೆ?

ಸರ್ಕಾರಗಳು ಹೆದರುವುದು ಬೆಲೆ ಹೆಚ್ಚಿರುವುದಕ್ಕಲ್ಲ, ಬೆಲೆ ಏರುವುದು ಕಣ್ಣಿಗೆ ಬೀಳುವುದಕ್ಕೆ. 2014ರ ನವೆಂಬರ್‌ನಿಂದ 2016ರ ಜನವರಿಯವರೆಗೆ ಕಚ್ಚಾ ತೈಲ ಕುಸಿಯುತ್ತಿದ್ದಾಗ ಕೇಂದ್ರವು ಇಂಧನದ ಮೇಲಿನ ತನ್ನ ತೆರಿಗೆಯಾದ ಎಕ್ಸೈಸ್ ಸುಂಕವನ್ನು ಒಂಬತ್ತು ಸಲ ಏರಿಸಿತು. ಬಂಕಿನ ಫಲಕದಲ್ಲಿ ಅಂಕಿ ಅಷ್ಟಾಗಿ ಮೇಲೇರದ ಕಾರಣ ಬೀದಿಯಲ್ಲಿ ದೊಡ್ಡ ಗದ್ದಲವೇನೂ ಆಗಲಿಲ್ಲ, ಬೊಕ್ಕಸ ಮಾತ್ರ ತುಂಬಿತು.

ಇದು ಒಂದು ಪಕ್ಷದ ಚಾಳಿಯೂ ಅಲ್ಲ. ಲೋಕಸಭಾ ಫಲಿತಾಂಶ ಬಂದದ್ದು 2024ರ ಜೂನ್ 4ರಂದು. ಹನ್ನೊಂದೇ ದಿನಕ್ಕೆ ಕರ್ನಾಟಕ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು, ಲೀಟರಿಗೆ ಸುಮಾರು ಮೂರು ರೂಪಾಯಿ ಹೆಚ್ಚಾಯಿತು. ಗ್ಯಾರಂಟಿಗಳ ಖರ್ಚಿಗೆ ಜನರ ಜೇಬಿಗೇ ಕೈಹಾಕಲಾಗಿದೆ ಎಂದು ವಿರೋಧ ಪಕ್ಷ ದೂರಿದರೆ, ನೆರೆರಾಜ್ಯಗಳ ದರ ಇದಕ್ಕಿಂತ ಹೆಚ್ಚಿದೆ ಎಂದು ಸರ್ಕಾರ ಉತ್ತರಿಸಿತು. ಎರಡೂ ಮಾತಿನಲ್ಲಿ ಸತ್ಯಾಂಶವಿದೆ ಎಂದೇ ನನ್ನ ಎಣಿಕೆ. ಮತ ಕೇಳುವಾಗ ಕೊಟ್ಟ ಮಾತಿಗೆ ಹಣ ಬೇಕು. ಆದರೆ ಜಿಎಸ್‌ಟಿ ಬಂದ ಮೇಲೆ ರಾಜ್ಯವು ತಾನೇ ದರ ನಿಗದಿಪಡಿಸಬಹುದಾದ ದೊಡ್ಡ ತೆರಿಗೆಗಳಲ್ಲಿ ಉಳಿದಿರುವುದು ಇಂಧನ, ಮದ್ಯ, ಮುದ್ರಾಂಕ, ವಾಹನ ಇಷ್ಟೇ.

ನಿಮ್ಮ ಎರಡನೆಯ ಪ್ರಶ್ನೆ ಸಿಕ್ಕಿಕೊಂಡಿರುವುದೂ ಇಲ್ಲಿಯೇ. ಇಂಧನವನ್ನು ಜಿಎಸ್‌ಟಿಗೆ ತರಲು ಸಂವಿಧಾನ ತಿದ್ದಬೇಕಿಲ್ಲ, ಯಾವ ದಿನದಿಂದ ಎಂದು ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಿದರಾಯಿತು. ಅಲ್ಲಿ ನಿರ್ಣಯಕ್ಕೆ ನಾಲ್ಕರಲ್ಲಿ ಮೂರು ಪಾಲು ಮತ ಬೇಕು. ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ರಾಜ್ಯಗಳೆಲ್ಲವಕ್ಕೂ ಸೇರಿ ಮೂರನೇ ಎರಡು. ಹೀಗಾಗಿ ಒಬ್ಬರನ್ನು ಬಿಟ್ಟು ಇನ್ನೊಬ್ಬರು ಇದನ್ನು ಮಾಡಲಾರರು, ಈ ಆದಾಯದ ಮೇಲಿನ ಹಿಡಿತ ಬಿಡಲು ಸದ್ಯಕ್ಕೆ ಇಬ್ಬರಿಗೂ ಮನಸ್ಸಿದ್ದಂತೆ ಕಾಣುವುದಿಲ್ಲ.

— ಸಂಪಾದಕ