ಅವಳನ್ನು ಕಳಿಸಿದವರು ಯಾರು, ದುಡ್ಡು ಕೊಟ್ಟವರು ಯಾರು?

ಓದುಗರ ಪತ್ರ: ನಾನು ಒಂದು ಕಲ್ಪನಾಲೋಕ ಕಟ್ಟಿಕೊಂಡು ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ ಐದು ರಾಜ್ಯಗಳಿವೆ. ಹಿರಿಯ ರಾಜ ಹಾಸಿಗೆ ಹಿಡಿದಿದ್ದಾನೆ. ಕಳೆದುಹೋದ ರಾಜಮುದ್ರೆಯನ್ನು ಹುಡುಕಿಕೊಂಡು ಒಬ್ಬ ಹುಡುಗಿ ಇಬ್ಬರು ಗೆಳೆಯರ ಜೊತೆ ಹಿಮದ ಬೆಟ್ಟ ದಾಟಿ ಹೋಗುತ್ತಾಳೆ. ಒಂದು ಅಧ್ಯಾಯ ದರ್ಬಾರಿನಲ್ಲಿ, ಒಂದು ಅಧ್ಯಾಯ ದಾರಿಯಲ್ಲಿ, ಹೀಗೆ ಸಾಗುತ್ತದೆ. ಓದಿದವರೆಲ್ಲ ದರ್ಬಾರಿನ ಅಧ್ಯಾಯಗಳನ್ನು ಹಾರಿಸಿಬಿಟ್ಟೆವು ಅನ್ನುತ್ತಾರೆ. ರಾಜಕೀಯವನ್ನು ಪೂರ್ತಿ ತೆಗೆದುಬಿಡಲೇ? ಕೊನೆಗೆ ಆ ಹುಡುಗಿಯೇ ರಾಣಿಯಾಗಬೇಕೇ? (ಹೆಸರು ಹಾಕುವುದು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ: ಪ್ರಿಯ ಓದುಗರೇ, ದಯವಿಟ್ಟು ತೆಗೆಯಬೇಡಿ. ನಿಮ್ಮ ಗೆಳೆಯರು ಹಾರಿಸಿದ್ದು ರಾಜಕೀಯ ಬೇಜಾರು ಅಂತ ಅಲ್ಲ. ದರ್ಬಾರಿನಲ್ಲಿ ಏನೇ ನಡೆದರೂ ದಾರಿಯಲ್ಲಿರುವ ಹುಡುಗಿಗೆ ಅದರ ಬಿಸಿ ತಟ್ಟುವುದಿಲ್ಲ ಅನ್ನುವುದು ಅವರಿಗೆ ಬೇಗ ಗೊತ್ತಾಗಿಬಿಟ್ಟಿದೆ. ಮಂತ್ರಿ ಸಂಚು ಮಾಡುತ್ತಾನೆ, ಸೇನಾಪತಿ ಸಿಡುಕುತ್ತಾನೆ, ಇವಳು ಹಿಮದಲ್ಲಿ ನಡೆಯುತ್ತಲೇ ಇರುತ್ತಾಳೆ. ಎರಡು ಬೇರೆ ಬೇರೆ ಪುಸ್ತಕಗಳನ್ನು ಒಂದೇ ರಟ್ಟಿನೊಳಗೆ ಹೊಲಿದ ಹಾಗಾಗಿದೆ.

ನಿಮ್ಮ ಪತ್ರದಲ್ಲಿ ನಾನು ಹುಡುಕಿ ಸಿಗದೇ ಹೋದದ್ದು ಇಷ್ಟು. ಅವಳನ್ನು ಕಳಿಸಿದ್ದು ಯಾರು? ಕುದುರೆ ಯಾರದು, ದಾರಿಖರ್ಚು ಯಾರದು? ಅವಳು ಮುದ್ರೆ ತಂದರೆ ಯಾರಿಗೆ ನಷ್ಟ? ಮೊದಲು ಇವಕ್ಕೆ ಉತ್ತರ ಬರೆದುಕೊಳ್ಳಿ. ಸಾಹಸ ಬೇರೆ, ರಾಜಕೀಯ ಬೇರೆ ಅಂತ ಇಟ್ಟುಕೊಂಡು ಆಮೇಲೆ ಜೋಡಿಸಲು ಹೋದರೆ ಅಂಟುವುದಿಲ್ಲ. ಸಾಹಸವೇ ಒಂದು ರಾಜಕೀಯ ಕೆಲಸ ಅಂತ ಮೊದಲಿನಿಂದಲೇ ನಂಬಬೇಕು.

ನಮ್ಮ ಹಳೆಯ ಕಥೆಗಾರರು ಇವೆರಡನ್ನೂ ಬೇರೆ ಮಾಡಿಯೇ ಇರಲಿಲ್ಲ. ಅಶ್ವಮೇಧವನ್ನೇ ನೋಡಿ. ಒಂದು ಕುದುರೆಯನ್ನು ಬಿಡುತ್ತಾರೆ. ವರ್ಷವಿಡೀ ಅದು ತನ್ನಿಷ್ಟದಂತೆ ಅಲೆಯುತ್ತದೆ, ಕಾವಲಿನವರು ಹಿಂದೆಯೇ ಹೋಗುತ್ತಾರೆ. ಅದು ನಿಮ್ಮ ಗಡಿ ದಾಟಿ ಬಂತು ಅನ್ನಿ. ಸುಮ್ನೆ ಬಿಟ್ಟರೆ ಆ ರಾಜನಿಗೆ ತಲೆಬಾಗಿದ ಹಾಗೆ. ಕಟ್ಟಿಹಾಕಿದರೆ ಯುದ್ಧ. ಕುದುರೆ ತನ್ನ ಪಾಡಿಗೆ ಹುಲ್ಲು ಮೇಯುತ್ತಿದೆ, ಇತ್ತ ಒಂದು ಇಡೀ ರಾಜ್ಯ ಸಂಜೆಯೊಳಗೆ ತೀರ್ಮಾನ ಮಾಡಬೇಕು. ಇದಕ್ಕೆ ಬೇರೆ ದರ್ಬಾರಿನ ಅಧ್ಯಾಯ ಬೇಕೇ?

ಮಹಾಭಾರತದಲ್ಲಿ ಆ ಕುದುರೆಯ ಹಿಂದೆ ಹೊರಟವನು ಅರ್ಜುನ. ಧರ್ಮರಾಯ ಅವನಿಗೆ ಹೇಳಿ ಕಳಿಸುವ ಮಾತು ನನಗೆ ತುಂಬಾ ಇಷ್ಟ. ಎದುರು ಬಂದ ರಾಜರನ್ನು ಆದಷ್ಟು ಕೊಲ್ಲಬೇಡ, ಯಜ್ಞಕ್ಕೆ ಬರಲು ಹೇಳು ಅನ್ನುತ್ತಾನೆ. ಕುರುಕ್ಷೇತ್ರದಲ್ಲಿ ಆಗಲೇ ಎಷ್ಟೋ ಮನೆಗಳು ಬರಿದಾಗಿವೆ. ಉಳಿದವರನ್ನೂ ಕೊಂದರೆ ಯಜ್ಞದಲ್ಲಿ ಕೂರುವವರು ಯಾರು, ಇವನನ್ನು ಚಕ್ರವರ್ತಿ ಅಂತ ಒಪ್ಪುವವರು ಯಾರು? ಆ ಒಂದು ಮಾತಿನಿಂದ ಅರ್ಜುನನ ಒಂದೊಂದು ಕಾಳಗವೂ ಬದಲಾಗುತ್ತದೆ. ಗೆಲ್ಲಬೇಕು, ಆದರೆ ಕೊಲ್ಲುವ ಹಾಗಿಲ್ಲ. ಎದುರಿನವನಿಗೆ ಅಂಥ ಕಟ್ಟು ಏನೂ ಇಲ್ಲ. ಮಣಿಪುರಕ್ಕೆ ಬಂದಾಗಲಂತೂ ಎದುರು ನಿಂತವನು ಸ್ವಂತ ಮಗ ಬಭ್ರುವಾಹನ. ಅವನು ಮರ್ಯಾದೆಯಿಂದ ಕಾಣಿಕೆ ಹಿಡಿದು ಬಂದರೆ, ಕ್ಷತ್ರಿಯನಾಗಿ ಹೀಗೆ ಬರುವುದೇ ಎಂದು ಅಪ್ಪನೇ ಹಂಗಿಸುತ್ತಾನೆ. ಅಪ್ಪನ ಪ್ರೀತಿ, ರಾಜ್ಯದ ಮಾನ, ಯಜ್ಞದ ನಿಯಮ ಮೂರೂ ಒಂದೇ ಬಯಲಿನಲ್ಲಿ ಡಿಕ್ಕಿ ಹೊಡೆಯುತ್ತವೆ. ನಿಮ್ಮ ನಾಯಕಿಗೂ ಅರಮನೆಯಿಂದ ಇಂಥದ್ದೊಂದು ಆಜ್ಞೆ ಕೊಟ್ಟು ಕಳಿಸಿ. ಪಾಲಿಸಲು ಕಷ್ಟವಾದ ಆಜ್ಞೆ, ಆದರೆ ಯಾಕೆ ಅಂತ ಕೇಳಿದರೆ ಸರಿ ಅನ್ನಿಸುವ ಆಜ್ಞೆ.

ಇನ್ನು ದುಡ್ಡಿನ ಮಾತು. ಕಲ್ಪನಾಲೋಕ ಕಟ್ಟುವವರು ಕತ್ತಿಯ ಹೆಸರು, ಬೆಟ್ಟದ ಹೆಸರು ಎಲ್ಲ ಯೋಚಿಸುತ್ತಾರೆ, ಸಾಲವನ್ನು ಮರೆಯುತ್ತಾರೆ. ಇತಿಹಾಸದಲ್ಲಿ ನಾಲ್ಕನೇ ಕ್ರುಸೇಡ್ ಅಂತ ಒಂದಿದೆ, ಯುರೋಪಿನ ಕ್ರೈಸ್ತರ ಧರ್ಮಯುದ್ಧ. ಜೆರುಸಲೇಮನ್ನು ಬಿಡಿಸುತ್ತೇವೆ ಅಂತ ಶಪಥ ಮಾಡಿ ಹೊರಟವರು. 1201ರಲ್ಲಿ ವೆನಿಸ್ ನಗರದ ಜೊತೆ ಹಡಗಿನ ಕರಾರು ಮಾಡಿಕೊಂಡರು. 33,500 ಜನ, 4,500 ಕುದುರೆ, ಬಾಡಿಗೆ 85,000 ಬೆಳ್ಳಿ ಮಾರ್ಕ್. ಮಾರನೇ ವರ್ಷ ವೆನಿಸ್‌ಗೆ ಬಂದು ಸೇರಿದವರು ಸುಮಾರು ಮೂರನೇ ಒಂದು ಪಾಲು. ಹಡಗುಗಳು ಸಿದ್ಧವಾಗಿವೆ, ಕೊಡಲು ದುಡ್ಡಿಲ್ಲ. ಸಾಲದ ಗಡುವು ಮುಂದೆ ಹಾಕಬೇಕಾದರೆ ಝಾರಾ ಪಟ್ಟಣವನ್ನು ಗೆದ್ದುಕೊಡಿ ಎಂದಿತು ವೆನಿಸ್. ಅದು ಅವರದೇ ಧರ್ಮದವರ ಊರು. ಗೆದ್ದುಕೊಟ್ಟರು. ಅಷ್ಟರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪಟ್ಟ ಕಳೆದುಕೊಂಡ ಚಕ್ರವರ್ತಿಯ ಮಗ ಬಂದು, ನಮ್ಮಪ್ಪನನ್ನು ಮತ್ತೆ ಕೂರಿಸಿದರೆ 2,00,000 ಮಾರ್ಕ್ ಕೊಡುತ್ತೇನೆ ಅಂದ. ಅಲ್ಲಿಗೂ ಹೋದರು, ಕೂರಿಸಿದರು. ಮಾತು ಕೊಟ್ಟಷ್ಟು ಹಣ ಅವನ ಕೈಯಲ್ಲಿರಲಿಲ್ಲ. 1204ರ ಏಪ್ರಿಲ್‌ನಲ್ಲಿ ಅದೇ ನಗರವನ್ನು ಲೂಟಿ ಮಾಡಿದರು. ಆ ಸೇನೆ ಜೆರುಸಲೇಮ್ ತಲುಪಲೇ ಇಲ್ಲ.

ಇಲ್ಲಿ ರಾಕ್ಷಸನೂ ಇಲ್ಲ, ಮಂತ್ರವಾದಿಯೂ ಇಲ್ಲ. ಒಂದು ಬಾಕಿ ಲೆಕ್ಕ ಇಡೀ ಸೇನೆಯ ದಾರಿ ತಿರುಗಿಸಿತು. ಪ್ರತಿ ತಿರುವಿನಲ್ಲೂ ಕೆಲವರು ಇದು ತಪ್ಪು ಅಂತ ಜಗಳವಾಡಿದರು, ಕೆಲವರು ಬಿಟ್ಟೇ ಹೋದರು. ನಿಮ್ಮ ಹುಡುಗಿಯ ಜೊತೆಗಿರುವ ಇಬ್ಬರು ಗೆಳೆಯರು ಸುಮ್ನೆ ಜೊತೆಗೆ ನಡೆಯುತ್ತಾರಲ್ಲ, ಅವರಿಗೆ ಇಂಥ ಜಗಳ ಬೇಕು.

ಈಗ ಮುದ್ರೆಯ ವಿಷಯಕ್ಕೆ ಬರೋಣ. ನಿಮ್ಮ ಲೋಕದ ಒಳ್ಳೆಯ ಕಲ್ಪನೆ ಇದೇ, ಆದರೆ ನೀವು ಅದನ್ನು ಬರೀ ಹೊಳೆಯುವ ವಸ್ತು ಮಾಡಿದ್ದೀರಿ. ಮುದ್ರೆ ಇಲ್ಲದ ಆಜ್ಞೆ ನಡೆಯುವುದಿಲ್ಲ ಅಂತಾದರೆ, ಅದು ಕಳೆದುಹೋದ ದಿನದಿಂದ ರಾಜ್ಯ ನಡೆಯುತ್ತಿರುವುದು ಹೇಗೆ? ಯಾರೋ ಒಬ್ಬರು ತಾತ್ಕಾಲಿಕವಾಗಿ ಸಹಿ ಹಾಕುತ್ತಿದ್ದಾರೆ. ಆ ಸಹಿಯ ಮೇಲೆ ಜಮೀನು ಹಂಚಿಕೆಯಾಗಿದೆ, ಕೈದಿಗಳು ಬಿಡುಗಡೆಯಾಗಿದ್ದಾರೆ, ಮದುವೆಗಳಾಗಿವೆ. ಮುದ್ರೆ ವಾಪಸ್ ಬಂದರೆ ಅವೆಲ್ಲ ಸಿಂಧುವೋ ಅಲ್ಲವೋ ಅನ್ನುವ ಪ್ರಶ್ನೆ ಏಳುತ್ತದೆ. ಮುದ್ರೆ ಬರುವುದು ಬೇಡ ಅನ್ನುವವರೆಲ್ಲ ಕೆಟ್ಟವರಾಗಿರಬೇಕಿಲ್ಲ. ನಾಯಕಿಯ ಸ್ವಂತ ಊರಿಗೆ ಕಂದಾಯ ಮಾಫಿಯಾದದ್ದೇ ಆ ತಾತ್ಕಾಲಿಕ ಸಹಿಯಿಂದ ಅಂತಿಟ್ಟುಕೊಳ್ಳಿ. ಅರ್ಧ ದಾರಿಯಲ್ಲಿ ಅವಳಿಗೆ ಇದು ತಿಳಿಯಲಿ. ಆಗ ಬೆಟ್ಟ ಹತ್ತುವ ಒಂದೊಂದು ಹೆಜ್ಜೆಯೂ ಭಾರವಾಗುತ್ತದೆ, ಅಲ್ವಾ?

ಸುದ್ದಿ ಎಷ್ಟು ಬೇಗ ಓಡುತ್ತದೆ ಅನ್ನುವುದನ್ನೂ ತೀರ್ಮಾನಿಸಿಕೊಳ್ಳಿ. ಪ್ರಾಚೀನ ಪರ್ಷಿಯಾದಲ್ಲಿ ಸಾರ್ಡಿಸ್‌ನಿಂದ ಸೂಸಾಗೆ ರಾಜಮಾರ್ಗವಿತ್ತು, ಸುಮಾರು 2,500 ಕಿಲೋಮೀಟರ್. ನಡೆದು ಹೋದರೆ 90 ದಿನ ಎಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಲೆಕ್ಕ ಹಾಕಿದ್ದಾನೆ. ಆದರೆ ರಾಜನ ಓಲೆ ಠಾಣೆಯಿಂದ ಠಾಣೆಗೆ ಹೊಸ ಕುದುರೆ, ಹೊಸ ಸವಾರನ ಕೈ ಸೇರುತ್ತ ಬಲು ಬೇಗ ಮುಟ್ಟುತ್ತಿತ್ತು. ಅಂದರೆ ಹೆದ್ದಾರಿಯಲ್ಲಿ ಸುದ್ದಿ ಯಾವಾಗಲೂ ನಾಯಕಿಗಿಂತ ಮುಂದೆ. ಕಾಡುದಾರಿ ಹಿಡಿದರೆ ಅವಳಿಗೆ ಸುದ್ದಿಯೇ ಸಿಗುವುದಿಲ್ಲ. ನಿಮ್ಮ ಏಳನೇ ಅಧ್ಯಾಯದಲ್ಲಿ ಅವಳು ಗಡಿಯ ನದಿ ದಾಟುವುದು ಎರಡೇ ಸಾಲಿನಲ್ಲಿ ಮುಗಿದುಹೋಗಿದೆ. ಅಲ್ಲಿ ನಿಲ್ಲಿ. ದೋಣಿಯವನು ರಹದಾರಿ ಕೇಳುತ್ತಾನೆ. ಅವಳು ರಾಜನ ಪತ್ರ ತೆಗೆದು ತೋರಿಸುತ್ತಾಳೆ. ಅವನು ಓದಿ, ಮಡಚಿ, ವಾಪಸ್ ಕೊಟ್ಟು, "ಈ ರಾಜ ತೀರಿಕೊಂಡು ನಾಲ್ಕು ದಿನ ಆಯ್ತಲ್ಲಮ್ಮ" ಅನ್ನುತ್ತಾನೆ. ದರ್ಬಾರು ನದೀತೀರಕ್ಕೆ ಬಂತು. ರಾಜ ಸತ್ತದ್ದನ್ನು ಹೇಳುವ ಎಂಟನೇ ಅಧ್ಯಾಯ ಇಡಿಯಾಗಿ ಬೇಕಾಗುವುದಿಲ್ಲ, ಓದುಗರು ಹಾರಿಸಲು ಅಲ್ಲಿ ಏನೂ ಉಳಿಯುವುದಿಲ್ಲ.

ಐದು ರಾಜ್ಯ ಜಾಸ್ತಿಯಾಯಿತು. ಮೂರು ಸಾಕು. ಮೂರನೆಯದು ಯಾರ ಕಡೆ ವಾಲುತ್ತದೆ ಅನ್ನುವುದರಲ್ಲೇ ಬೇಕಾದಷ್ಟು ಕಥೆಯಿದೆ.

ಕೊನೆಗೆ ಅವಳು ರಾಣಿಯಾಗಬೇಕೇ ಎಂದು ಕೇಳಿದ್ದೀರಿ. ಅದರ ಉತ್ತರ ಕೊನೆಯ ಅಧ್ಯಾಯದಲ್ಲಿಲ್ಲ, ಮೊದಲನೆಯದರಲ್ಲಿದೆ. ಕೊಲಂಬಸ್ 1492ರ ಆಗಸ್ಟ್ 3ರಂದು ಹಡಗು ಹತ್ತುವ ಮುಂಚೆ, ಏಪ್ರಿಲ್ 17ರಂದೇ ಸ್ಪೇನಿನ ರಾಜ ರಾಣಿಯರ ಜೊತೆ ಕರಾರು ಮಾಡಿಕೊಂಡಿದ್ದ. ಅಡ್ಮಿರಲ್ ಪದವಿ, ವೈಸ್‌ರಾಯ್ ಪದವಿ, ಸಿಕ್ಕಿದ್ದರಲ್ಲಿ ಹತ್ತನೇ ಒಂದು ಪಾಲು. ಅಷ್ಟನ್ನೂ ಕೊಡುವುದು ದೊರೆಗಳಿಗೆ ಆಮೇಲೆ ದುಬಾರಿ ಅನ್ನಿಸಿತು. ಅವನು ಸತ್ತ ಮೇಲೂ ಮನೆಯವರು ವರ್ಷಗಟ್ಟಲೆ ರಾಜಮನೆತನದ ವಿರುದ್ಧ ವ್ಯಾಜ್ಯ ನಡೆಸಿದರು. ನಿಮ್ಮ ಹುಡುಗಿ ಹೊರಡುವ ಮುಂಚೆ ಏನು ಕೇಳಿದಳು? ಜೈಲಿನಲ್ಲಿರುವ ಅಣ್ಣನ ಬಿಡುಗಡೆಯೇ, ಊರಿಗೆ ಒಂದು ಕೆರೆಯೇ, ಸಿಂಹಾಸನವೇ? ಅದನ್ನು ಬರೆದು ಯಾರು ಸಹಿ ಹಾಕಿದರು? ಆ ಸಹಿ ಹಾಕಿದವನು ಅವಳು ವಾಪಸ್ ಬರುವಾಗ ಇನ್ನೂ ಅಧಿಕಾರದಲ್ಲಿದ್ದಾನೆಯೇ? ಸಿಂಹಾಸನ ಅವಳು ಕೇಳದೇ ಇದ್ದರೆ ಅದನ್ನು ಕೊಡಬೇಡಿ. ಮುದ್ರೆ ಅವಳ ಕೈಯಲ್ಲಿದೆ, ಯಾರ ಕೈಗೆ ಕೊಡುತ್ತಾಳೋ ಅವರು ಆಳುತ್ತಾರೆ. ಆ ಒಂದು ದಿನದ ಮಟ್ಟಿಗೆ ಯಾವ ರಾಣಿಗಿಂತಲೂ ಅವಳು ದೊಡ್ಡವಳು.

ದೋಣಿಯವನ ಅಧ್ಯಾಯವನ್ನು ಹೊಸದಾಗಿ ಬರೆದು ನಮಗೆ ಕಳಿಸಿ. ಚೆನ್ನಾಗಿ ಬಂದರೆ ಅದನ್ನು ಬಿಡಿ ಕಥೆಯಾಗಿ ಪ್ರಕಟಿಸಲು ನನಗೆ ಮನಸ್ಸಿದೆ.